ದಂಟು ಮಗಳಿಗೆ, ಸೊಪ್ಪು ದನಕ್ಕೆ

ಬಸ್ರೂರಿನ ಹೊಳೆಬದಿಯಲ್ಲಿ ಹರಿವೆ ಎಂಬ ಕೆಂಪು ದಂಟಿನ ಸೊಪ್ಪು ಬೆಳೆಯುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಕುಂದಾಪುರದ ಶನಿವಾರದ ಸಂತೆಯಲ್ಲಿ ಗಿರಾಕಿಗಳು ಹೆಸರು ಹಿಡಿದು ಕೇಳುವುದು ಸೀತುವಿನ ಹರಿವೆಯನ್ನು. ಅವಳ ಗದ್ದೆಗೂ ನನ್ನ ಅಂಗಳಕ್ಕೂ ನಡುವೆ ಒಂದು ಮಣ್ಣಿನ ಅಂಚು ಬಿಟ್ಟರೆ ಬೇರೇನೂ ಇಲ್ಲ. ಮೂವತ್ತು ವರ್ಷದಿಂದ ಅವಳ ಕೈಕೆಲಸ ನೋಡುತ್ತಾ ಬಂದಿದ್ದೇನೆ. ನಾನು ಶಾಲೆಯನ್ನು ಐದನೇ ಕ್ಲಾಸಿಗೆ ಬಿಟ್ಟವನು, ಆದರೆ ಕಣ್ಣಿಗೆ ಬಿದ್ದ ಕಾಗದವನ್ನು ಓದದೆ ಬಿಟ್ಟವನಲ್ಲ. ಗದ್ದೆ, ಗೊಬ್ಬರ, ತರಕಾರಿ ಎಂದರೆ ನನ್ನ ಹತ್ತಿರ ಯಾರೂ ಸುಳ್ಳು ಮಾರಲಾರರು. ಆದರೂ ಕಳೆದ ಚಳಿಗಾಲದಲ್ಲಿ ಅಂಚಿನ ಆಚೆ ನಡೆದದ್ದು ನನ್ನ ಕಣ್ಣಿಗೇ ಬೀಳಲಿಲ್ಲ.

ಸೀತು ಹರಿವೆ ಬೆಳೆಯುವ ಕ್ರಮ ಹೀಗೆ. ಮಳೆಗಾಲದ ಭತ್ತ ಕೊಯ್ದ ಗದ್ದೆಯನ್ನು ಒಡೆದು ಸಾಲು ತೆಗೆದು, ಸುಡುಮಣ್ಣಿನ ಗೊಬ್ಬರ ಚೆಲ್ಲಿ, ಸಾಸಿವೆಗಿಂತ ಸಣ್ಣ ಬೀಜವನ್ನು ಹೊಯಿಗೆ ಮರಳಿನಲ್ಲಿ ಬೆರೆಸಿ ಬಿತ್ತುತ್ತಾಳೆ. ಒತ್ತಾಗಿ ಹುಟ್ಟಿದ್ದನ್ನು ಕಿತ್ತು ಬಿಡಿಸುತ್ತಾಳೆ. ಉಳಿದ ಗಿಡ ಎದೆಮಟ್ಟ ಏರಿ ಹೆಬ್ಬೆರಳಿನ ದಪ್ಪಕ್ಕೆ ದಂಟು ಕಟ್ಟುತ್ತದೆ. ದಂಟಿನ ಕೆಂಪು ಎಂದರೆ ಕತ್ತಿ ತಾಗಿಸಿದಲ್ಲಿ ಬೆರಳಿಗೆ ಬಣ್ಣ ಹಿಡಿಯುವಂಥ ಕೆಂಪು.

ಶುಕ್ರವಾರ ಸಂಜೆ ಗಿಡ ಕಿತ್ತು, ಬೇರು ತೊಳೆದು, ಅಂಗಳದಲ್ಲಿ ಕಾಲು ಚಾಚಿ ಕೂರುತ್ತಾಳೆ. ಬಲಗೈಯಲ್ಲಿ ಬುಡ ಹಿಡಿದು ಎಡಗೈಯಿಂದ ಒಂದೇ ಎಳೆತಕ್ಕೆ ಸೊಪ್ಪು ಬೋಳಿಸುತ್ತಾಳೆ. ತುದಿಯಲ್ಲಿ ಜುಟ್ಟಿನ ಹಾಗೆ ನಾಲ್ಕು ಎಲೆ ಉಳಿಯುತ್ತದೆ ಅಷ್ಟೆ. ಆಮೇಲೆ ಬಾಳೆನಾರಿನಲ್ಲಿ ಕಟ್ಟು. ಹೀಗೆ ಬೋಳಿಸುವುದಕ್ಕೆ ಕಾರಣ ಇದೆ. ಸೊಪ್ಪು ಇದ್ದರೆ ಬಸ್ಸಿನ ನೂಕಿನಲ್ಲಿ ಮುದುಡಿ ಹತ್ತು ಗಂಟೆಗೆ ಜೋತು ಬೀಳುತ್ತದೆ, ಕಟ್ಟು ಹಳತು ಕಾಣುತ್ತದೆ. ನಮ್ಮ ಕಡೆಯ ಗಿರಾಕಿ ನೋಡುವುದೂ ದಂಟನ್ನೇ. ದಂಟಿನ ಹುಳಿ ಮಾಡಿ, ಊಟದಲ್ಲಿ ಜಗಿದು ಜಗಿದು, ಬಾಳೆಲೆಯ ಬದಿಯಲ್ಲಿ ನಾರಿನ ಗುಡ್ಡೆ ಹಾಕದಿದ್ದರೆ ನಮ್ಮ ಗಂಡಸರಿಗೆ ಉಂಡ ಹಾಗೇ ಆಗುವುದಿಲ್ಲ.

ಬೋಳಿಸಿದ ಸೊಪ್ಪೆಲ್ಲ ಹಟ್ಟಿಯಲ್ಲಿರುವ ಕಪ್ಪಿ ಎಂಬ ದನದ ಪಾಲು. ಅಕ್ಕಿ ತೊಳೆದ ನೀರಿನ ಬಕೆಟಿಗೆ ಎರಡೂ ಕೈಯಲ್ಲಿ ಬಾಚಿದ ಎರಡು ಬಾಚು ಸೊಪ್ಪು. ಸೀತುವಿನ ಗಂಡ ಅಣ್ಣಯ್ಯ, ಸದಾ ಬಾಯಲ್ಲಿ ಒಂದು ಕುಚೋದ್ಯ ಇಟ್ಟುಕೊಂಡೇ ಓಡಾಡುವವನು, ಕಪ್ಪಿಯ ಮಿರಿಮಿರಿ ಮಿನುಗುವ ಬೆನ್ನು ಸವರಿ ಹೇಳುತ್ತಿದ್ದ: "ಮನಿಗೆ ಕನ್ನಡಿ ಬ್ಯಾಡ. ಇದ್ರ್ ಎದ್ರ್ ನಿತ್ಕಂಡ್ ಗಡ್ಡ ತೆಗಿಲಕ್ಕ್."

ಡಿಸೆಂಬರಿನಲ್ಲಿ ಮಗಳು ದಿವ್ಯಾ ಚೊಚ್ಚಲ ಹೆರಿಗೆಗೆ ತಾಯಿಮನೆಗೆ ಬಂದಳು. ಆಗ ಏಳು ತಿಂಗಳು. ಗಂಡ ಸಚಿನ್ ಮುಂಬಯಿಯ ಹೋಟೆಲಿನಲ್ಲಿದ್ದಾನೆ. ಬಂದ ವಾರವೇ ಕುಂದಾಪುರದ ಆಸ್ಪತ್ರೆಯಲ್ಲಿ ತೋರಿಸಿದರು. ರಕ್ತದ ಅಂಶ ಎಂಟು ಪಾಯಿಂಟ್ ಒಂದು. ಲೇಡಿ ಡಾಕ್ಟರು ತಾಯಿ ಕಾರ್ಡಿನ ಮೇಲೆ ಆ ಅಂಕಿಗೆ ಕೆಂಪು ಸುತ್ತು ಹಾಕಿದರು. ಹೆರಿಗೆ ಹೊತ್ತಿಗೆ ಹತ್ತು ದಾಟಿದರೆ ಇಲ್ಲೇ ನೋಡುವ, ದಾಟದಿದ್ದರೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇನೆ, ರಕ್ತ ಕಡಿಮೆ ಇರುವವರಿಗೆ ಹೆರಿಗೆಯಲ್ಲಿ ಹೆಚ್ಚು ಹೋದರೆ ಉಳಿಸಿಕೊಳ್ಳುವುದು ಕಷ್ಟ ಎಂದರು.

ಸೀತುವಿಗೆ ಆ ಮಾತನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳ ಅಕ್ಕ ಸರಸಳನ್ನು ಬಿಜೂರಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆ ಮನೆಯಲ್ಲೇ ಆಯಿತು, ನೆತ್ತರು ನಿಲ್ಲಲಿಲ್ಲ, ಸರಸ ಉಳಿಯಲಿಲ್ಲ. ಚಾಪೆ ತೋಯ್ದು ನೆಲಕ್ಕೆ ಇಳಿದದ್ದನ್ನು ಬಟ್ಟೆಯಲ್ಲಿ ಒತ್ತಿ ಒತ್ತಿ ತೆಗೆದವಳು ಹದಿನಾರು ವರ್ಷದ ಸೀತು. ಅಂದಿನಿಂದ ಅವಳ ತಲೆಯೊಳಗೆ ಒಂದು ಲೆಕ್ಕ ಗಟ್ಟಿಯಾಗಿ ಕೂತಿತ್ತು: ಕೆಂಪು ಹೋದರೆ ಜೀವ ಹೋಯಿತು, ಕೆಂಪು ಒಳಗೆ ಸೇರಿದರೆ ಜೀವ ಉಳಿಯಿತು. ಅವಳ ಗದ್ದೆಯಲ್ಲಿ ಕೆಂಪಿಗೆ ಬರಗಾಲವೇ?

ಮಾರನೇ ದಿನದಿಂದಲೇ ಶುರು. ಸಂತೆಗೆ ಹೋಗಬೇಕಾದ ದಂಟಿನಲ್ಲಿ ಅತೀ ದಪ್ಪ, ಅತೀ ಕೆಂಪಿನದನ್ನು ಆರಿಸಿ ಬದಿಗಿಡುತ್ತಿದ್ದಳು. ಮಧ್ಯಾಹ್ನ ದಂಟಿನ ಹುಳಿ, ರಾತ್ರಿಗೆ ಬೇಯಿಸಿದ ದಂಟು, ಬೇಯಿಸಿದ ಕೆಂಪು ನೀರನ್ನು ಲೋಟದಲ್ಲಿ ಹಾಕಿ ಎರಡು ಕಲ್ಲು ಉಪ್ಪು. ಮಗಳ ಮುಂದೆ ನಿಂತು ಕುಡಿಸುವವಳು.

"ಅಮ್ಮ, ಬಾಯೆಲ್ಲ ನಾರ್ ಆಯ್ತ್. ನಂಗೆ ಸಾಕ್," ಎಂದು ದಿವ್ಯಾ ತಟ್ಟೆ ದೂಡಿದರೆ, "ಸಾಕ್ ಅಂಬ್ಕೆ ನೀನ್ ಯಾರ್? ಒಳ್ಗಿಪ್ಪುದ್ ಸಾಕ್ ಅಂತಾ?" ಎಂದು ತಟ್ಟೆಯನ್ನು ಮತ್ತೆ ಹತ್ತಿರ ದೂಡುವವಳು.

ಊಟ ಮುಗಿದ ಕೂಡಲೇ ಚಾ. ಚಾದ ಜೊತೆಗೆ ಆಸ್ಪತ್ರೆಯಿಂದ ಕೊಟ್ಟ ಕಬ್ಬಿಣದ ಮಾತ್ರೆ. ಬಾಯಿ ಕಹಿ ಆಗುತ್ತದೆಂದು ದಿವ್ಯಾ ಅದನ್ನು ಚಾದಲ್ಲೇ ನುಂಗುತ್ತಿದ್ದಳು. ಮುಂಬಯಿಯಿಂದ ಸಚಿನ್ ದಿನಾ ಫೋನು ಮಾಡಿ "ನಂಬರ್ ಎಷ್ಟಾಯ್ತ್?" ಎಂದು ಕೇಳುವುದು, ಅತ್ತೆ "ಏರ್ತಾ ಇತ್ತ್" ಎಂದು ಹೇಳುವುದು. ಏರಿದೆಯೋ ಇಳಿದಿದೆಯೋ ನೋಡಿದವರಿಲ್ಲ. ನನ್ನ ಹತ್ತಿರವೂ ಒಂದು ದಿನ ಸೀತು ಅಂಚಿನ ಮೇಲೆ ನಿಂತು ಕೇಳಿದಳು: "ಅಣ್ಣ, ನೀವ್ ಓದುವರ್. ಹರಿವೆಯಂಗೆ ಕಬ್ಬಿಣ ಇತ್ತಲ್ದಾ?" ಇದೆ ಎಂದೆ, ಧಾರಾಳ ಇದೆ ಎಂದೆ. ಹೇಳಿದ್ದು ಸುಳ್ಳಲ್ಲ. ಆದರೆ ಅರ್ಧ ಮಾತು.

ಜನವರಿ ಮಧ್ಯದಲ್ಲಿ ಆರೋಗ್ಯ ಉಪಕೇಂದ್ರದ ಸಿಸ್ಟರ್ ರಂಜನಿ ಬೆರಳು ಚುಚ್ಚಿ ನೋಡಿದಳು. ಎಂಟು. ಇದ್ದದ್ದರಲ್ಲಿ ಒಂದು ಕೂದಲಷ್ಟು ಇಳಿದಿತ್ತು. ದಿವ್ಯಾಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಸುಣ್ಣ ಬಳಿದ ಗೋಡೆ.

"ಸೊಪ್ಪು ತರಕಾರಿ ತಿಂತಾಳಾ?" ರಂಜನಿ ಕೇಳಿದಳು. ಸಾಲಿಗ್ರಾಮದ ಕಡೆಯ ಹುಡುಗಿ, ಕೆಲಸದಲ್ಲಿ ಚುರುಕು.

"ದಿನಾ ಹರಿವೆ. ಎರಡ್ ಹೊತ್ತೂ," ಸೀತು ಎಂದಳು.

"ಮಾತ್ರೆ?"

"ಒಂದ್ ದಿನ ತಪ್ಪಲ್ಲ."

ರಂಜನಿ ಪುಸ್ತಕದಲ್ಲಿ ಎರಡು ಕಡೆ ಗೆರೆ ಎಳೆದಳು. ಅಣ್ಣಯ್ಯ ಜಗಲಿಯ ತುದಿಯಿಂದ, "ಸಿಸ್ಟರೇ, ನಮ್ ಕಪ್ಪಿ ಕಣ್ಣೂ ಒಂದ್ಸಲ ಎಳ್ದ್ ಕಾಣಿ. ಅದೂ ಈ ಮನಿ ಹೆಣ್ಣೇ ಅಲ್ದಾ," ಎಂದ. ರಂಜನಿ ನಕ್ಕಳು. ಸೀತು ನಗಲಿಲ್ಲ.

ಆಮೇಲಿನ ಒಂದು ವಾರ ಆ ಮನೆಯಲ್ಲಿ ಪಾತ್ರೆಗಳೂ ಮೆಲ್ಲಗೆ ಸದ್ದು ಮಾಡಲಿಲ್ಲ. ಸೀತುವಿನ ಸಿಟ್ಟಿಗೆ ನಿಲ್ಲಲು ಒಂದು ಜಾಗ ಸಿಗಲಿಲ್ಲ. ಮೊದಲು ಮೆಷಿನ್ ಹಾಳು ಎಂದಳು. ಆಮೇಲೆ ಮಗಳು ಕದ್ದು ಹೊರಗೆ ಉಗುಳುತ್ತಾಳೆ ಎಂದಳು. ಮುಂಬಯಿಯ ನೀರು ಕುಡಿದು ಮೈಯೇ ಹಾಳಾಗಿದೆ ಎಂದಳು. ಅಳಿಯ ಫೋನಿನಲ್ಲಿ ನಂಬರ್ ಕೇಳಿದಾಗ, "ನಂಬರ್ ನಂಬರ್ ಅಂಬ್ಕೆ ಇದ್ ಬಸ್ಸಾ?" ಎಂದು ಫೋನನ್ನೇ ಮಗಳ ಕೈಗೆ ಎಸೆದಳು. ದಂಟನ್ನು ಎರಡು ಪಟ್ಟು ಮಾಡಿದಳು. ಸೊಪ್ಪು ಎರಡು ಪಟ್ಟು ಹಟ್ಟಿಗೆ ಹೋಯಿತು.

ಮುಂದಿನ ಶುಕ್ರವಾರ ಸಂಜೆ ನಾಲ್ಕು ಗಂಟೆಗೆ ರಂಜನಿಯ ಸ್ಕೂಟರ್ ಬಂತು. ನಾನು ಅವರ ಜಗಲಿಯಲ್ಲಿ ಕೂತು ಅಣ್ಣಯ್ಯನ ಜೊತೆ ಎಲೆಯಡಿಕೆಯ ಕವಳ ಹಾಕುತ್ತಿದ್ದೆ. ಸೀತು ಅಂಗಳದಲ್ಲಿ ಕಾಲು ಚಾಚಿ ಹರಿವೆಯ ರಾಶಿಯ ನಡುವೆ ಇದ್ದಳು.

"ದಿವ್ಯಾ ಎಲ್ಲಿ, ಸೀತಕ್ಕ?"

"ಒಳ್ಗ್ ಮನಿಕಂಡಿತ್. ನಿಮ್ ಮೆಷಿನ್ ಸಮಾ ಇತ್ತಾ ಸಿಸ್ಟರೇ? ಬೇರೆ ಯಾವ್ದಾರೂ ಮೆಷಿನಂಗೆ ಕಾಣಿ."

"ಊರಿಗೆಲ್ಲ ಅದೇ ಮೆಷಿನ್." ರಂಜನಿ ಹೆಲ್ಮೆಟ್ ತೆಗೆಯುತ್ತಾ ಬಕೆಟಿನ ಕಡೆ ನೋಡಿದಳು. ಸೀತುವಿನ ಎಡಗೈ ಸರ್ರನೆ ಎಳೆಯುತ್ತಿತ್ತು, ಸೊಪ್ಪು ಬಕೆಟಿಗೆ ಬೀಳುತ್ತಿತ್ತು. "ಇದೆಲ್ಲ ಎಂತಕ್ಕೆ?"

"ಕಪ್ಪಿಗೆ."

"ದಿವ್ಯಾಗೆ?"

"ಅದ್ಕೆ ದಂಟ್. ದಪ್ಪದ್ ಆರ್ಸಿ ಇಟ್ಟಿದೆ ಕಾಣಿ. ರಸ ಬೇರೆ ಕುಡುಸ್ತೆ."

"ಮತ್ತೆ ಸೊಪ್ಪು?"

"ಸೊಪ್ಪ್ ಯಾರ್ ತಿಂತ್ರ್? ಅದ್ ದನ ತಿಂಬ್ದ್."

ರಂಜನಿ ಹೆಲ್ಮೆಟನ್ನು ಮಡಿಲಲ್ಲಿ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಹರಿವೆ ತಿಂತಾಳಾ ಅಂದೇಳಿ ನಾನ್ ಕೇಂಡೆ. ಯಾವ್ ಭಾಗ ಅಂದೇಳಿ ಕೇಂಡದ್ದಿಲ್ಲೆ. ನಂದೂ ತಪ್ಪೇ," ಎಂದಳು.

ಆಮೇಲೆ ಅವಳು ಬಿಡಿಸಿ ಹೇಳಿದ್ದು ನನಗೂ ಗೊತ್ತಿದ್ದ ವಿಷಯವೇ, ಆದರೆ ಹೇಳಬೇಕಾದ ದಿನ ನಾನು ಹೇಳಿರಲಿಲ್ಲ. ಗಿಡದ ಅಡುಗೆಮನೆ ಎಂದರೆ ಎಲೆ. ಬಿಸಿಲು ಹಿಡಿದು ಅನ್ನ ಬೇಯಿಸುವುದು ಅಲ್ಲೇ, ಹಾಗಾಗಿ ಕಬ್ಬಿಣ, ಸುಣ್ಣದ ಅಂಶ, ವಿಟಮಿನ್ನು, ಪ್ರೋಟೀನು ಎಲ್ಲ ಹೆಚ್ಚು ಇರುವುದೂ ಅಲ್ಲೇ. ದಂಟು ಎಂದರೆ ಅಡುಗೆಮನೆಗೆ ನೀರು ಹೊರುವ ದಾರಿ. ಅದರಲ್ಲಿ ನೀರು, ನಾರು, ಒಂದಿಷ್ಟು ಉಪ್ಪಿನಂಶ ಇರುತ್ತದೆ. ಹೊಟ್ಟೆ ಸಲೀಸಾಗಲು ಒಳ್ಳೆಯದು, ಆದರೆ ನೆತ್ತರಿಗೆ ಬೇಕಾದದ್ದು ಎಲೆಯ ಮುಂದೆ ಅಲ್ಲಿ ಚೂರೇ ಚೂರು. ಕೆಂಪು ರಸ ಬೀಟ್‌ರೂಟಿನಲ್ಲಿ ಇರುವಂಥ ಒಂದು ಬಣ್ಣ. ನೆತ್ತರಿಗೂ ಅದಕ್ಕೂ ಸಂಬಂಧ ಇಲ್ಲ. ಎಲೆಯಲ್ಲಿ ಇದ್ದದ್ದೂ ಪೂರ್ತಿ ಮೈಗೆ ಹಿಡಿಯುವುದಿಲ್ಲ. ನಿಂಬೆಯಂಥ ಹುಳಿ ಹಿಂಡಿದರೆ ಸ್ವಲ್ಪ ಹೆಚ್ಚು ಹಿಡಿಯುತ್ತದೆ, ಮೇಲಿಂದ ಚಾ ಕುಡಿದರೆ ಹಿಡಿಯುವುದನ್ನೂ ಚಾ ತಡೆಯುತ್ತದೆ. ಮಾತ್ರೆಗೂ ಅದೇ ಕಥೆ.

ಸೀತುವಿನ ಕೈ ನಿಂತಿರಲಿಲ್ಲ. ಎಳೆಯುತ್ತಲೇ ಕೇಳಿದಳು: "ಹಾಂಗಾರೆ ಈ ಕೆಂಪೆಲ್ಲ ಸುಳ್ಳಾ?"

"ಸುಳ್ಳಲ್ಲ ಸೀತಕ್ಕ. ಬಣ್ಣ."

"ನಮ್ಮಮ್ಮ, ಅಜ್ಜಿ ಎಲ್ಲ ದಂಟೇ ತಿಂದದ್ದ್. ಸೊಪ್ಪ್ ಬೋಳ್ಸುಕೆ ಕಲ್ಸಿದ್ದೂ ಅವ್ರೇ. ಎಲ್ರೂ ಬದ್ಕಿರಲ್ದಾ?"

ಅಣ್ಣಯ್ಯ ಎದ್ದ. ಬಾಯೊಳಗಿನ ಕವಳ ಉಗುಳಿ ಬಂದು, ಕುಚೋದ್ಯದ ಧ್ವನಿ ಇಲ್ಲದೆ, ಹೆಂಡತಿಯನ್ನು ಹೆಸರು ಹಿಡಿದು ಹೇಳಿದ: "ಎಲ್ರೂ ಬದ್ಕಲ್ಲ, ಸೀತು."

ಆಗ ಕೈ ನಿಂತಿತು. ಮಡಿಲಿನ ದಂಟುಗಳನ್ನು ಕೆಳಗಿಟ್ಟು ಎದ್ದು ಹಟ್ಟಿಗೆ ಹೋದಳು. ನಾವು ಕೂತಲ್ಲಿಂದ ಕಾಣುತ್ತಿತ್ತು. ಬಕೆಟ್ ಬಂತೆಂದು ಕಪ್ಪಿ ಮೂತಿ ಚಾಚಿತು. ಸೀತು ಅದರ ಕೊಂಬು ಹಿಡಿದು, ಸಿಸ್ಟರ್ ಮಾಡಿದ ಹಾಗೆಯೇ ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಎಳೆದು ಬಗ್ಗಿ ನೋಡಿದಳು. ತುಂಬಾ ಹೊತ್ತು ನೋಡಿದಳು. ಬರೀ ಹುಲ್ಲು ಮೇದ ದನದ ಕಣ್ಣೂ ಕೆಂಪಾಗಿಯೇ ಇರುತ್ತದೆ, ಅದು ಇದಕ್ಕೆ ಸಾಕ್ಷಿಯಲ್ಲ ಎಂದು ನನಗೂ ರಂಜನಿಗೂ ಗೊತ್ತಿತ್ತು. ಇಬ್ಬರೂ ಬಾಯಿ ಬಿಡಲಿಲ್ಲ.

ಬಂದವಳು ಸೊಪ್ಪಿನ ಬಕೆಟನ್ನು ಎತ್ತಿ ಅಡುಗೆಮನೆಗೆ ಒಯ್ದಳು.

ಅಂದಿನಿಂದ ಕ್ರಮ ತಿರುಗಿತು. ಎಲೆಯ ಪಲ್ಯ, ಎಲೆಯ ತಂಬುಳಿ, ಮೇಲಿಂದ ಅರ್ಧ ನಿಂಬೆಹಣ್ಣು. ಬೇಯಿಸಿದ ನೀರನ್ನು ಚೆಲ್ಲದೆ ಅದರಲ್ಲೇ ಇಂಗಿಸುವುದು. ಊಟದ ಬಳಿಕ ಎರಡು ಗಂಟೆ ಮನೆಯಲ್ಲಿ ಯಾರಿಗೂ ಚಾ ಇಲ್ಲ. "ಬಸುರಿ ಅದ್, ಉಪ್ಪಾಸ ನಂಗೆ," ಎಂದು ಅಣ್ಣಯ್ಯ ನನ್ನ ಮನೆಗೆ ಬಂದು ಚಾ ಕುಡಿದು ಹೋಗುವನು. ನಾಲ್ಕು ಗಂಟೆಗೆ ಸರಿಯಾಗಿ ಕಪ್ಪಿ ಕೂಗುವುದು. ಒಣಹುಲ್ಲು ಹಾಕಿದರೆ ಮೂಸಿ ಮುಖ ತಿರುಗಿಸುವುದು. "ತಿಂದದ್ದ್ ಸಾಕ್ ನೀನ್," ಎಂದು ಸೀತು ಅದಕ್ಕೂ ಬೈಯುವಳು.

ಬರೀ ಎಲೆಯಿಂದ ಹೆರಿಗೆ ಹೊತ್ತಿಗೆ ಹತ್ತು ಮುಟ್ಟುವುದಿಲ್ಲ ಎಂದು ರಂಜನಿ ಅಂದೇ ಹೇಳಿದ್ದಳು. ಡಾಕ್ಟರು ಕಬ್ಬಿಣದ ಡ್ರಿಪ್ ಬರೆದರು. ಮೂರು ಸಲ ಆಸ್ಪತ್ರೆಗೆ ಹೋಗಿ, ಮಗಳ ಕೈಗೆ ಕಂದು ಬಣ್ಣದ ನೀರು ಹನಿ ಹನಿಯಾಗಿ ಇಳಿಯುವುದನ್ನು ನೋಡುತ್ತಾ ಸೀತು ಬೆಂಚಿನ ಮೇಲೆ ಕೂತಳು. ಒಂದು ದಿನ ನಾನೂ ಜೊತೆಗೆ ಹೋಗಿದ್ದೆ. "ಕೆಂಪಲ್ಲ ಅಲ್ದಾ ಇದ್," ಎಂದು ಬಾಟಲಿ ತೋರಿಸಿದಳು. ಸ್ವಲ್ಪ ಹೊತ್ತಿಗೆ ಮತ್ತೆ, "ಐದ್ ವಾರ, ಅಣ್ಣ. ಐದ್ ವಾರ ನನ್ ಕೈಯಂಗೇ ದನಕ್ಕೆ ಹಾಕ್ದೆ."

"ಗೊತ್ತಿಲ್ದೆ ಮಾಡಿದ್ದಲ್ದಾ," ಎಂದೆ.

"ಗೊತ್ತಿಲ್ದಿದ್ರೆ ಕೇಣ್ಕ್. ನಂಗೆ ಹರಿವೆ ಬಗ್ಗೆ ಗೊತ್ತಿಲ್ದೆ ಇಪ್ಪುದ್ ಎಂತ ಇತ್ತ್ ಅಂದೇಳಿ ಯಾರನ್ನೂ ಸಮಾ ಕೇಂಡದ್ದಿಲ್ಲೆ."

ಆ ಮಾತು ನನಗೂ ತಾಗಿತು.

ಫೆಬ್ರವರಿ ಕೊನೆಗೆ ಮತ್ತೆ ನೋಡಿದರು. ಒಂಬತ್ತು ಪಾಯಿಂಟ್ ಆರು. ಒಂದು ತಿಂಗಳಲ್ಲಿ ಇಷ್ಟು ಏರಿದ್ದು ದೊಡ್ಡದೇ ಎಂದರು ಡಾಕ್ಟರು. ಆದರೆ ಹತ್ತು ಆಗಿಲ್ಲ, ದಿನ ಹತ್ತಿರ ಬಂದಿದೆ, ನಾನು ಧೈರ್ಯ ಮಾಡುವುದಿಲ್ಲ, ರಕ್ತ ಸಿಗುವ ಕಡೆಗೆ ಹೋಗಿ ಎಂದು ಚೀಟಿ ಬರೆದುಕೊಟ್ಟರು. ಸೀತು ವಾದ ಮಾಡಿದಳು. ಇನ್ನೊಂದು ವಾರ ಕೊಡಿ, ಇನ್ನೊಂದು ಡ್ರಿಪ್ ಹಾಕಿ ಎಂದಳು. ಡಾಕ್ಟರು ತಲೆ ಅಲ್ಲಾಡಿಸಿದರು.

ನೆರೆಯ ರೋಷನ್ ಕಾರು ತಂದ. ಸಾಸ್ತಾನದ ಟೋಲ್ ಹತ್ತಿರ ಸಾಲು ನಿಂತಿತ್ತು. ಹಿಂದಿನ ಸೀಟಿನಲ್ಲಿ ದಿವ್ಯಾ ಕಣ್ಣು ಮುಚ್ಚಿದ್ದಳು. ಸೀತು ಕಾರ್ಡನ್ನು ಮಡಿಲಲ್ಲಿ ಬಿಡಿಸಿಟ್ಟುಕೊಂಡು ಆ ಅಂಕಿಯ ಮೇಲೆ ಬೆರಳಾಡಿಸುತ್ತಿದ್ದಳಂತೆ. "ಪಾಯಿಂಟ್ ನಾಕ್. ಎರಡ್ ಬಾಚ್ ಸೊಪ್ಪ್," ಎಂದು ತನ್ನಷ್ಟಕ್ಕೆ ಹೇಳಿದ್ದನ್ನು ರೋಷನ್ ನನಗೆ ಹೇಳಿದ. ಎರಡು ಬಾಚಿನಿಂದ ಅಷ್ಟು ಏರುವುದಿಲ್ಲ. ಅದನ್ನು ಅವಳಿಗೆ ಹೇಳಿ ಏನು ಬಂತು?

ಆರನೇ ದಿನ ಮಧ್ಯಾಹ್ನ ದೊಡ್ಡ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ಡಾಕ್ಟರು ಹೆದರಿದ ಹಾಗೆಯೇ ನೆತ್ತರು ಹೆಚ್ಚೇ ಹೋಯಿತು. ಒಂದು ಚೀಲ ರಕ್ತ ಹೊರಗಿನಿಂದ ಕೊಟ್ಟರು, ದಿವ್ಯಾ ಉಳಿದಳು. ಅಲ್ಲಿಯ ಡಾಕ್ಟರು ಕಾರ್ಡು ನೋಡಿ, ಮೊದಲಿನ ಎಂಟರಲ್ಲೇ ಬಂದಿದ್ದರೆ ಎಂದು ಶುರುಮಾಡಿ ಮಾತನ್ನು ಅಲ್ಲಿಗೇ ಬಿಟ್ಟರಂತೆ. ಸೀತು ಕೇಳಿದ್ದು ಒಂದೇ: "ಆ ಚೀಲದ್ ಯಾರ್ದ್?" ಯಾರೋ ಪುಣ್ಯಾತ್ಮರು ಕೊಟ್ಟದ್ದು, ಹೆಸರು ಇರುವುದಿಲ್ಲ ಎಂದರು.

ಮಾರ್ಚಿನಲ್ಲಿ ಸೀತು ಮತ್ತೆ ಸಂತೆಗೆ ಬಂದಳು. ಈ ಸಲ ಸೊಪ್ಪು ಬೋಳಿಸಿರಲಿಲ್ಲ. ಬುಡದಿಂದ ತುದಿಯವರೆಗೆ ಎಲೆ ತುಂಬಿದ ಕಟ್ಟು. ಅದನ್ನು ಹಸಿಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದಳು. ನಾನು ಎದುರಿನ ಕಟ್ಟೆಯಲ್ಲಿ ಕೂತಿದ್ದೆ.

"ಎಂತ ಸೀತಕ್ಕ, ಈ ಸಲ ಬರೀ ಸೊಪ್ಪೇ ಕಾಂತ್. ದಂಟ್ ಎಲ್ಲ್?" ಹಳೆಯ ಗಿರಾಕಿ ಒಬ್ಬಳು ಕೇಳಿದಳು.

"ಒಳ್ಗಿತ್ತ್. ಸೊಪ್ಪ್ ತಿನ್ನಿ. ಎಲ್ಲ ಇಪ್ಪುದ್ ಅದ್ರಂಗೆ."

"ನಮ್ ಮನಿಯಂಗೆ ಸೊಪ್ಪ್ ಯಾರೂ ಮುಟ್ಟುದಿಲ್ಲೆ ಮರಾಯ್ತಿ." ಅಲ್ಲೇ ನಿಂತು ಎಳೆದು, ಎಲೆಯನ್ನು ಸೀತುವಿನ ಗೋಣಿಯ ಮೇಲೆ ಉದುರಿಸಿ, ದಂಟು ಚೀಲಕ್ಕೆ ಹಾಕಿಕೊಂಡು ಹೋದಳು. ಎರಡನೆಯವಳೂ ಹಾಗೇ. ಮೂರನೆಯವಳು ಕಟ್ಟು ನೋಡಿ, ಹಳತು ಎಂದು ಮುಂದಿನ ಅಂಗಡಿಗೆ ಹೋದಳು. ಹತ್ತು ಗಂಟೆಗೆ ಬಿಸಿಲು ತಾಗಿ ಎಲೆ ಜೋತು ಬಿತ್ತು. ಸೀತು ನೀರು ಚಿಮುಕಿಸುತ್ತಾ ಇದ್ದಳು, ಬೈಯುತ್ತಾ ಇದ್ದಳು. ಗೋಣಿಯ ಮೇಲೆ ಎಲೆಯ ರಾಶಿ ಏರುತ್ತಾ ಇತ್ತು.

ಆಗ ಐದಾರು ತಿಂಗಳ ಬಸುರಿ ಒಬ್ಬಳು ಬಂದಳು. ಎಳೆಯ ಮುಖ, ತುಟಿ ಬಿಳಿಚಿತ್ತು. ಒಂದು ಕಟ್ಟು ತೆಗೆದುಕೊಂಡು ಅವಳೂ ಎಲೆ ಕೀಳಲು ಹೊರಟಾಗ ಸೀತು ಅವಳ ಕೈ ಹಿಡಿದುಬಿಟ್ಟಳು.

"ದಂಟ್ ಬೇಕಾರೆ ಇಲ್ಲೇ ಬಿಟ್ಟ್ ಹೋಯ್ಲಕ್ಕ್. ಸೊಪ್ಪ್ ತಕಂಡೇ ಹೋಯ್ಕ್ ನೀನ್." ಗೋಣಿಯ ಮೇಲಿದ್ದ ಎಲೆಯನ್ನೂ ಎರಡು ಬಾಚು ಎತ್ತಿ ಅವಳ ಚೀಲಕ್ಕೆ ತುರುಕಿದಳು. "ನಿಂಬೆಹಣ್ಣ್ ಹಿಂಡ್. ಮೇಲಿಂದ ಚಾ ಕುಡಿಬ್ಯಾಡ. ಕೇಂಡ್ತಾ?"

ಹುಡುಗಿ ಹೆದರಿ ತಲೆ ಅಲ್ಲಾಡಿಸಿ ಹೋದಳು. ಅಂದು ಮೊದಲ ಬಾರಿಗೆ ಸೀತುವಿನ ಮುಖದ ಗಂಟು ಸ್ವಲ್ಪ ಸಡಿಲಾಯಿತು.

ನಾನು ಕೂತಲ್ಲಿಗೆ ರಸ್ತೆಯ ತಿರುವು ಕಾಣುತ್ತಿತ್ತು. ಅಲ್ಲಿ ಬೀಡಾಡಿ ದನವೊಂದು ನಿಂತಿತ್ತು. ಹುಡುಗಿ ಹಿಂದೆ ತಿರುಗಿ ನೋಡಿ, ಚೀಲದಿಂದ ಎಲೆಯನ್ನೆಲ್ಲ ತೆಗೆದು ಅದರ ಬಾಯಿಗೆ ಹಿಡಿದಳು. ಅದು ತಿಂದು ಮುಗಿಸುವ ತನಕ ನಿಂತು, ಅದರ ಹಣೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ದಂಟಿನ ಚೀಲ ಹಿಡಿದು ಬಸ್ಸಿಗೆ ನಡೆದಳು.

ಸೀತುವಿಗೆ ನಾನು ಹೇಳಲಿಲ್ಲ. ಅವಳು ಇನ್ನೊಂದು ಕಟ್ಟಿಗೆ ನೀರು ಚಿಮುಕಿಸುತ್ತಿದ್ದಳು.